ಮಣ್ಣಿಗೆ ಅಂಟಿದ ಹಕ್ಕಿಗಳು

ಉತ್ಖನನ ಶಿಬಿರ
ಜನವರಿ ೧೧

ಪ್ರೀತಿಯ ಮುಚ್ಚಳ,

ನೀನು ಕೆಲಸಕ್ಕೆ ಸೇರಿದ ಸುದ್ದಿಯನ್ನು ಅಮ್ಮ ಬರೆದಳು, ನೀನಲ್ಲ. ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ನಿಲ್ಲುತ್ತಿದ್ದವಳಿಗೆ ಮಡಕೆ ಚೂರುಗಳ ಜೊತೆ ಕೆಲಸ ಸಿಕ್ಕಿದ್ದು ಒಳ್ಳೆಯದೇ ಆಯಿತು. ಅವು ಎದುರು ಮಾತಾಡುವುದಿಲ್ಲ. ಇನ್ನು ಮೇಲೆ ನೆಲದಿಂದ ಎದ್ದದ್ದರ ಚಿತ್ರವನ್ನು ನಾನು ಇಲ್ಲಿ ಬರೆಯುತ್ತೇನೆ. ನೀನು ಅಲ್ಲಿ ಕಾರ್ಯಾಗಾರದಲ್ಲಿ ಕೂತು ಅದರ ಮೈಬಣ್ಣ, ಗಾಯ, ಗೀರು ಎಲ್ಲವನ್ನೂ ಅಕ್ಷರದಲ್ಲಿ ಬರೆದಿಡುತ್ತೀಯ. ಅಕ್ಕತಂಗಿ ಇಬ್ಬರಿಗೂ ಒಂದೇ ಸಂಸ್ಥೆಯ ಅನ್ನ.

ಶಿಬಿರಕ್ಕೆ ಇನ್ನೂ ಫೋನಿನ ತಂತಿ ಬಂದಿಲ್ಲ. ವಾರಕ್ಕೊಮ್ಮೆ ಪೆಟ್ಟಿಗೆಗಳನ್ನು ಹೊತ್ತು ನಿಮ್ಮಲ್ಲಿಗೆ ಬರುವ ಜೀಪೇ ನಮ್ಮ ಅಂಚೆ. ಚಾಲಕರ ಕೈಯಲ್ಲಿ ಉತ್ತರ ಕೊಡು. ಅವರು ಪತ್ರ ಓದುವುದಿಲ್ಲ. ಲಕೋಟೆಯ ದಪ್ಪ ನೋಡಿ "ಏನಮ್ಮ, ಮನೇಲಿ ಎಲ್ಲಾ ಸರಿ ಇದೆ ತಾನೆ?" ಅಂತ ಕೇಳುತ್ತಾರೆ, ಅಷ್ಟೇ.

ಈ ಸಲದ ಪೆಟ್ಟಿಗೆಯಲ್ಲಿ ಒಂದು ಹೂಜಿ ಇದೆ. ಮೊನ್ನೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು, ಗುಂಡಿಯಲ್ಲಿ ನಾನೊಬ್ಬಳೇ ಇದ್ದೆ. ಹೂಜಿಯ ಹೊಟ್ಟೆಯ ಮೇಲಿದ್ದ ಹಸಿ ಮಣ್ಣು ತಾನಾಗಿ ಜಾರಿ ಬಿತ್ತು. ಅದರ ಹಿಂದೆ ಹಕ್ಕಿಗಳು. ಉದ್ದ ಕಾಲಿನ ನೀರಹಕ್ಕಿಗಳು, ಸಾಲಾಗಿ ಬಲಕ್ಕೆ ನಡೆಯುತ್ತಿವೆ. ಕೆಂಪು ಮೈ, ನೀಲಿ ರೆಕ್ಕೆ. ಒಂದು ಮಾತ್ರ, ಏನೋ ಮರೆತು ಬಂದವರ ಹಾಗೆ, ಕತ್ತು ತಿರುಗಿಸಿ ಹಿಂದೆ ನೋಡುತ್ತಿದೆ. ಉಸಿರು ತಾಕಿದರೂ ಅಳಿಸಿಹೋಗುತ್ತದೇನೋ ಎಂದು ಬಾಯಿ ಬಿಗಿಹಿಡಿದು ಚಿತ್ರ ಬರೆದೆ. ಆ ಹೊತ್ತಿಗೆ ನಾನೂ ನಿನ್ನಂಥ ಮುಚ್ಚಳವೇ.

ಕ್ಯಾಮೆರಾ ರಿಪೇರಿಗೆಂದು ನಿರ್ದೇಶಕರ ಜೊತೆ ಮುಖ್ಯ ಕಚೇರಿಗೆ ಹೋಗಿದೆ. ಅವರು ಬರುವುದು ಮುಂದಿನ ತಿಂಗಳು. ಆದ್ದರಿಂದ ಸದ್ಯಕ್ಕೆ ಈ ಹಕ್ಕಿಗಳನ್ನು ಕಂಡದ್ದು ನನ್ನ ಎರಡು ಕಣ್ಣು ಮಾತ್ರ. ಬಣ್ಣ ಆರಿ ಉದುರಬಾರದೆಂದು, ಉಳಿದವರು ಊಟದಿಂದ ಬರುವಷ್ಟರಲ್ಲಿ, ನನಗೆ ತೋಚಿದ ಹಾಗೆ ಜೋಪಾನ ಮಾಡಿ ಇಟ್ಟಿದ್ದೇನೆ. ಇನ್ನು ನಿನ್ನ ಕಣ್ಣು ಸೇರಲಿ. ಬೇಗ ಬರೆ.

ನಿನ್ನ ಅಕ್ಕ

*

ಸಂರಕ್ಷಣಾ ಕಾರ್ಯಾಗಾರ
ಜನವರಿ ೨೪

ಪ್ರೀತಿಯ ಅಕ್ಕ,

ಬರೆಯುವುದು ತಡವಾಯಿತು. ಇಲ್ಲಿ ಬಂದ ಪೆಟ್ಟಿಗೆಗಳು ಸರದಿ ಕಾಯುತ್ತವೆ. ನಿನ್ನದನ್ನು ಮೊನ್ನೆಯಷ್ಟೇ ತೆರೆದರು.

ನನ್ನ ಮೇಜು ಉತ್ತರದ ಕಿಟಕಿಗೆ ಅಂಟಿಕೊಂಡಿದೆ. ಬಣ್ಣ ನೋಡುವುದಕ್ಕೆ ನೇರ ಬಿಸಿಲು ಕೂಡದಂತೆ, ಅದಕ್ಕೇ ಇಡೀ ಕಟ್ಟಡದ ತಣ್ಣನೆ ಮೂಲೆ ನಮಗೆ ಬಂದಿದೆ. ಬಾಗಿಲ ಮೇಲೆ "ಪೆನ್ನು ಒಳಗೆ ತರಬಾರದು" ಎಂಬ ಬೋರ್ಡು. ಶಾಯಿ ಸಿಡಿದರೆ ಸಾವಿರಾರು ವರ್ಷದ ಬಣ್ಣಕ್ಕೂ ನಿನ್ನೆಯ ಕಲೆಗೂ ವ್ಯತ್ಯಾಸ ಹೇಳುವುದು ಕಷ್ಟ ಎನ್ನುತ್ತಾರೆ ಮೇಡಂ. ಮೇಡಂ ಎಂದರೆ ಕಾರ್ಯಾಗಾರದ ಮುಖ್ಯಸ್ಥೆ. ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡೇ ಕನ್ನಡಕ ಹುಡುಕುತ್ತಾರೆ, ಆದರೆ ಬೋಕಿಚೂರಿನ ಮೇಲಿನ ಒಂದು ಕಾಳು ಬಣ್ಣ ಅವರ ಕಣ್ಣಿಗೆ ತಪ್ಪುವುದಿಲ್ಲ. ಒಂದೊಂದು ಚೂರಿನ ವಿವರ ಬರೆದಿಡುವ ಕಾರ್ಡುಗಳಲ್ಲಿ ನನ್ನ ಮೊದಲನೆಯದನ್ನು ಓದಿ ಕೇಳಿದರು:

"ಮುಸ್ಸಂಜೆಯ ಕಂದು ಅಂದ್ರೆ ಬಣ್ಣದ ಪಟ್ಟೀಲಿ ಯಾವ ನಂಬರಮ್ಮ?"

ನಾನು ನೆಲ ನೋಡಿದೆ.

"ಇರ್ಲಿ ಬಿಡು. ನಂಬರೂ ಬರಿ, ಮುಸ್ಸಂಜೇನೂ ಇರ್ಲಿ. ನಂಬರ್ ನೋಡಿ ನನಗೆ ಯಾವತ್ತೂ ನಗು ಬಂದಿಲ್ಲ."

ನಿನ್ನ ಹೂಜಿ ಒಡೆದಿಲ್ಲ. ಅದರ ಮೇಲಿದ್ದ ಮಣ್ಣು ಒಣಗಿ, ದೊಡ್ಡ ದೊಡ್ಡ ಚಕ್ಕೆಗಳಾಗಿ ಕಳಚಿಕೊಂಡಿತ್ತು. ವರದಿ ಮುಗಿಯುವ ತನಕ ಇಲ್ಲಿ ಪೆಟ್ಟಿಗೆಯ ಮಣ್ಣನ್ನೂ ಎಸೆಯುವ ಹಾಗಿಲ್ಲ. ಚಕ್ಕೆಗಳನ್ನು ಟಿಶ್ಯೂ ಕಾಗದದ ಮೇಲೆ ಜೋಡಿಸಿ ಟ್ರೇಯಲ್ಲಿ ಇಟ್ಟಿದ್ದೇನೆ. ಬೋಗುಣಿ ಮಗುಚಿಟ್ಟ ಹಾಗೆ ಇಟ್ಟರೆ ಅಲುಗಾಡುವುದಿಲ್ಲ ಎಂದು ಮೇಡಂ ಹೇಳಿಕೊಟ್ಟರು. ಒಂದು ಚಕ್ಕೆಯ ಹೊರಮೈ ಮೇಲೆ ಹೆಬ್ಬೆರಳಿನ ಗುರುತು ಎದ್ದು ಕಾಣುತ್ತದೆ. ಅದನ್ನು ನೋಡಿ ಮೇಡಂ ಹಿಗ್ಗಿಹೋಗಿದ್ದಾರೆ. ಹೂಜಿಯನ್ನು ಹೂತವನ ಬೆರಳೇ ಇರಬೇಕೆಂದು ಫೋಟೊ ತೆಗೆಸಿದರು.

ಹೂಜಿಯ ಬಗ್ಗೆ ಮುಂದಿನ ಪತ್ರದಲ್ಲಿ ವಿವರವಾಗಿ ಬರೆಯುತ್ತೇನೆ. ಅಮ್ಮ ಚೆನ್ನಾಗಿದ್ದಾಳೆ. "ಇಬ್ಬರು ಹೆಣ್ಣುಮಕ್ಕಳನ್ನ ಸಾಕಿದ್ದು ಹಳೇ ಮಡಕೆ ಕಾಯೋಕಾ" ಎಂದು ಅಕ್ಕಪಕ್ಕದವರ ಹತ್ತಿರ ಬೈಯುವ ಹಾಗೆ ಹೇಳಿಕೊಂಡು ಹೆಮ್ಮೆಪಡುತ್ತಿದ್ದಾಳೆ.

ನಿನ್ನ ತಂಗಿ

*

ಉತ್ಖನನ ಶಿಬಿರ
ಜನವರಿ ೩೧

ಮುಚ್ಚಳ,

ಕಿಟಕಿ ಬಂತು, ಬೋರ್ಡು ಬಂತು, ಮೇಡಂ ಕನ್ನಡಕ ಬಂತು, ಅಮ್ಮನ ಬೈಗುಳವೂ ಬಂತು. ಹಕ್ಕಿಗಳು ಎಲ್ಲಿ? ಮದುವೆಗೆ ಹೋಗಿ ಬಂದು ಚಪ್ಪರ ಮಾತ್ರ ವರ್ಣಿಸಿದ ಹಾಗಾಯಿತು ನಿನ್ನ ಪತ್ರ.

ಹಿಂದೆ ನೋಡುವ ಹಕ್ಕಿಯ ಕಣ್ಣನ್ನು ನೋಡಿದೆಯಾ? ಚುಕ್ಕೆ ಇಟ್ಟಿಲ್ಲ, ಆ ಜಾಗವನ್ನು ಖಾಲಿ ಬಿಟ್ಟಿದ್ದಾನೆ. ಎಂಥ ಕೈ ಅದು. ನಿನಗೆ ಚಿಕ್ಕಂದಿನಲ್ಲಿ ಲೋಟದ ಚಿತ್ರ ಬರೆಯಲು ಕಲಿಸಿದ್ದು ನೆನಪಿದೆಯಾ? ಲೋಟದ ಬಾಯಿ ದುಂಡಗಿರುತ್ತದೆ ಎಂದು ನೀನು ದುಂಡಗೇ ಬರೆಯುತ್ತಿದ್ದೆ. "ಗೊತ್ತಿರೋದನ್ನ ಬರೀಬೇಡ, ಕಾಣ್ತಿರೋದನ್ನ ಬರಿ" ಎಂದು ಕಿವಿ ಹಿಂಡಿದ್ದೆ. ಆ ಕುಂಬಾರನಿಗೂ ಯಾರೋ ಕಿವಿ ಹಿಂಡಿರಬೇಕು.

ಆ ಹೆಬ್ಬೆರಳಿನ ಗುರುತಿನ ಬಗ್ಗೆ ಮೇಡಂ ಅಷ್ಟೊಂದು ತಲೆ ಕೆಡಿಸಿಕೊಳ್ಳುವುದು ಬೇಡ. ಮಣ್ಣೆಂದ ಮೇಲೆ ಬೆರಳು ಇದ್ದೇ ಇರುತ್ತದೆ.

ಅಕ್ಕ

*

ಸಂರಕ್ಷಣಾ ಕಾರ್ಯಾಗಾರ
ಫೆಬ್ರುವರಿ ೭

ಪ್ರೀತಿಯ ಅಕ್ಕ,

ಈ ವಾರ ಮೋಡ ಇತ್ತು, ಬಣ್ಣ ನೋಡುವ ಕೆಲಸ ನಿಧಾನವಾಗಿ ಸಾಗಿತು. ಹೂಜಿಯ ಆಕಾರ ಬಹಳ ಚೆಂದ. ಕತ್ತಿನ ಹತ್ತಿರ ಕುಂಬಾರನ ಚಕ್ರದ ಗೆರೆಗಳು ಸ್ಪಷ್ಟವಾಗಿವೆ.

ಒಂದು ಮಾತು ಕೇಳಲೇ? ಆ ದಿನ ಗುಂಡಿಯೊಳಗೆ ಬಿಸಿಲು ಹೇಗಿತ್ತು? ನೀನು ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೆಯಾ? ಸುಮ್ಮನೆ ಕೇಳಿದೆ.

ಅಮ್ಮ ನಿನಗೆ ಸ್ವೆಟರ್ ಕಳಿಸಿದ್ದಾಳೆ. ತೋಳು ಸ್ವಲ್ಪ ಉದ್ದವಾಗಿದೆ, ಮಡಚಿಕೊಳ್ಳಬೇಕಂತೆ.

ತಂಗಿ

*

ಉತ್ಖನನ ಶಿಬಿರ
ಫೆಬ್ರುವರಿ ೧೪

ದಾಖಲೆ ವಿಭಾಗದ ಸಹಾಯಕಿಯವರಿಗೆ,

ನಮಸ್ಕಾರ. ತಾವು ಕ್ಷೇಮವೆಂದು ಭಾವಿಸುತ್ತೇನೆ.

ನಿರ್ದೇಶಕರು ಸೋಮವಾರ ಶಿಬಿರಕ್ಕೆ ಮರಳಿದರು. ತಮ್ಮ ಕಾರ್ಯಾಗಾರದಿಂದ ಬಂದ ಕಾರ್ಡನ್ನು ಊಟದ ಮೇಜಿನಲ್ಲಿ ಎಲ್ಲರೆದುರು ಓದಿದರು. "ಮೈ ಪೂರ್ತಿ ಮಂಕು ಕಂದು, ಕುಯಿಲಾದ ಮೇಲಿನ ಹೊಲದಂತೆ. ಬಣ್ಣದ ಸುಳಿವಿಲ್ಲ." ಕಾರ್ಡಿನ ಮೇಲೆ ಬರೆದವರ ಸಹಿ ಇರಲಿಲ್ಲ. ಮಡಕೆಗೆ ಹೊಲದ ಹೋಲಿಕೆ ಕೊಡುವ ಸಹಾಯಕಿ ನಮ್ಮ ಸಂಸ್ಥೆಯಲ್ಲಿ ಒಬ್ಬರೇ ಇರುವುದರಿಂದ ಸಹಿಯ ಅಗತ್ಯವೂ ಬೀಳಲಿಲ್ಲ. ಕಾರ್ಡಿನ ತಾರೀಖು ಜನವರಿ ೨೨. ತಾವು ಕಿಟಕಿಯ ಬಗ್ಗೆ ನನಗೆ ಪತ್ರ ಬರೆದದ್ದು ಜನವರಿ ೨೪.

ನಿರ್ದೇಶಕರು ನನ್ನ ಚಿತ್ರವನ್ನು ಬಹಳ ಹೊತ್ತು ನೋಡಿದರು. ಅವರಾಡಿದ ಮಾತುಗಳನ್ನು ಇದ್ದ ಹಾಗೆಯೇ ಬರೆಯುತ್ತೇನೆ, ತಮಗೆ ದಾಖಲೆಗೆ ಬೇಕಾಗಬಹುದು.

"ನೀಲಿ ರೆಕ್ಕೆ ಅಂತೀಯಲ್ಲಮ್ಮ, ಆ ಕಾಲದೋರಿಗೆ ನೀಲಿ ಎಲ್ಲಿಂದ ಬರ್ಬೇಕು? ಈ ನೆಲದಲ್ಲಿ ಇಲ್ಲೀವರೆಗೆ ಒಂದು ಕಾಳು ನೀಲಿ ಸಿಕ್ಕಿಲ್ಲ."

"ಕಂಡಿದ್ದನ್ನ ಬರೆದಿದೀನಿ ಸರ್."

"ಕಂಡಿರ್ಬಹುದು. ಬಿಸಿಲಲ್ಲಿ ನನಗೂ ಏನೇನೋ ಕಂಡಿದೆ."

ಎಲ್ಲರೂ ನಕ್ಕರು. ಅವರು ಕೆಟ್ಟವರಲ್ಲ. ಹಿಂದೆ ಇನ್ನೊಂದು ಉತ್ಖನನದಲ್ಲಿ ಯಾರೋ ಊಹಿಸಿ ಬರೆದ ಚಿತ್ರವನ್ನು ನಂಬಿ ಅಚ್ಚು ಹಾಕಿಸಿ, ವರ್ಷಗಟ್ಟಲೆ ನಗೆಪಾಟಲಾದವರು. ಹಕ್ಕಿಗಳ ಚಿತ್ರವನ್ನು ವರದಿಯಿಂದ ತೆಗೆಯುವುದಾಗಿ ಹೇಳಿದರು. ಮುಂದಿನ ವರ್ಷಕ್ಕೆ ಬೇರೆ ಚಿತ್ರಕಾರರನ್ನು ನೋಡುವುದಾಗಿಯೂ ಹೇಳಿದರು. ವರದಿ ಮಾರ್ಚ್ ಕೊನೆಗೆ ಅಚ್ಚಿಗೆ ಹೋಗುತ್ತದೆ.

ನಾನು ಆ ದಿನ ಬೆಳಿಗ್ಗೆ ಹೊಟ್ಟೆ ತುಂಬ ತಿಂದಿದ್ದೆ.

ಇಂತಿ,
ಹಂಗಾಮಿ ಚಿತ್ರಕಾರ್ತಿ

*

ಸಂರಕ್ಷಣಾ ಕಾರ್ಯಾಗಾರ
ಫೆಬ್ರುವರಿ ೨೧

ಅಕ್ಕ,

ನಿನ್ನ ಪತ್ರವನ್ನು ಅಮ್ಮನಿಗೆ ತೋರಿಸಲಿಲ್ಲ. ಸ್ವೆಟರ್ ಸರಿಹೋಯಿತಂತೆ ಎಂದು ಸುಳ್ಳು ಹೇಳಿದೆ.

ನನ್ನ ಮುಂದೆ ಇದ್ದದ್ದು ಕಂದು ಹೂಜಿ. ಕಿಟಕಿಯ ಬೆಳಕಿನಲ್ಲಿ ನೋಡಿದೆ, ದೀಪ ಹಾಕಿ ನೋಡಿದೆ, ಮೇಡಂ ಭೂತಗನ್ನಡಿ ಹಿಡಿದು ನೋಡಿದರು. ಎಲ್ಲಿಯೂ ಹಕ್ಕಿ ಇರಲಿಲ್ಲ. ನೀನು ಸುಳ್ಳು ಬರೆಯುವವಳಲ್ಲ ಎಂದು ನನಗೆ ಗೊತ್ತು. ಆದರೆ ಗೊತ್ತಿರುವುದನ್ನು ಬರೆಯಬಾರದು, ಕಾಣುತ್ತಿರುವುದನ್ನು ಬರೆಯಬೇಕು ಎಂದು ಕಲಿಸಿದ್ದು ನೀನೇ. ಕಾರ್ಡು ಬರೆದೆ. ಅದನ್ನು ನಿನಗೆ ಹೇಳಲು ಎರಡು ಪತ್ರಗಳಲ್ಲಿ ಪ್ರಯತ್ನಪಟ್ಟೆ, ಎರಡರಲ್ಲೂ ಕಿಟಕಿಯ ಬಗ್ಗೆ ಬರೆದೆ. ನೀನಿಟ್ಟ ಹೆಸರು ಸರಿಯಾಗಿಯೇ ಇದೆ.

ಇಲ್ಲಿ ನನ್ನಿಂದ ಇನ್ನೊಂದು ಅನಾಹುತವೂ ಆಗಿದೆ. ಅದನ್ನು ಬರೆಯಲು ಈಗ ಕೈ ಬರುತ್ತಿಲ್ಲ. ಮೇಡಂಗೆ ತಿಳಿದರೆ ಚಿತ್ರಕಾರ್ತಿಯ ಜೊತೆಗೆ ಸಹಾಯಕಿಯನ್ನೂ ಬೇರೆ ನೋಡಬೇಕಾದೀತು.

ನಿನ್ನ ತಂಗಿ

*

ಸಂರಕ್ಷಣಾ ಕಾರ್ಯಾಗಾರ
ಫೆಬ್ರುವರಿ ೨೮

ಅಕ್ಕ,

ಈ ವಾರ ಜೀಪು ಬಂತು, ನಿನ್ನ ಪತ್ರ ಬರಲಿಲ್ಲ. ಚಾಲಕರನ್ನು ಕೇಳಿದೆ. "ನಿಮ್ಮಕ್ಕ ಮೂಳೆ ಚಿತ್ರ ಬರೀತಾ ಕೂತಿದಾರೆ. ಮಾತಾಡ್ಸಿದ್ರೆ ಮೂಳೇನೇ ವಾಸಿ" ಎಂದರು. ಪರವಾಗಿಲ್ಲ. ನೀನು ಕೋಪ ಮಾಡಿಕೊಂಡಿದ್ದರೂ ಈ ಪತ್ರವನ್ನು ಕೊನೆಯ ತನಕ ಓದು. ನಿಂತುಕೊಂಡು ಓದಬೇಡ, ಕೂತುಕೋ.

ಆ ಅನಾಹುತದಿಂದಲೇ ಶುರುಮಾಡುತ್ತೇನೆ. ಹೋದ ವಾರ ಟ್ರೇ ಒರೆಸಲೆಂದು ಮಣ್ಣಿನ ಒಂದು ಚಕ್ಕೆಯನ್ನು ಪಕ್ಕಕ್ಕೆ ಸರಿಸಿದಾಗ ಕೆಳಗಿನ ಟಿಶ್ಯೂ ಮೇಲೆ ಕೆಂಪು ಕಲೆ ಕಂಡಿತು. ಅದರ ಹಿಂದಿನ ದಿನ ಮರೆತು ಕೆಂಪು ಶಾಯಿಯ ಪೆನ್ನನ್ನು ಜೇಬಿನಲ್ಲಿ ಇಟ್ಟುಕೊಂಡು ಒಳಗೆ ಬಂದಿದ್ದೆ. ಬೋರ್ಡಿನ ಕೆಳಗಿಂದಲೇ ನಡೆದು ಬಂದಿದ್ದೆ. ಶಾಯಿ ಸೋರಿ ಟ್ರೇಗೆ ಬಿದ್ದಿದೆ ಎಂದುಕೊಂಡೆ. ಯಾರೂ ನೋಡದ ಹಾಗೆ ಆ ಟಿಶ್ಯೂ ಮಡಚಿ ಜೇಬಿಗೆ ಹಾಕಿಕೊಂಡು ಹೊಸದನ್ನು ಹಾಸಿದೆ. ಒಂದು ವಾರ ಮೇಡಂ ಮುಖ ನೋಡಲಾಗಲಿಲ್ಲ. ಹಾಗೆಂದು ಅವರಿಗೆ ಅನುಮಾನವೇನೂ ಬರಲಿಲ್ಲ, ನಾನು ಯಾವತ್ತೂ ಅವರ ಮುಖ ನೋಡಿದವಳಲ್ಲ.

ಇವತ್ತು ಬೆಳಿಗ್ಗೆ ಅವರು ಬರುವ ಮೊದಲೇ ಬಂದೆ. ಟಿಶ್ಯೂಗೆ ಆದದ್ದು ಮಣ್ಣಿಗೂ ಆಗಿದೆಯೇ, ಎಷ್ಟು ಹಾಳು ಮಾಡಿದ್ದೇನೆ ಎಂದು ನೋಡಲೇಬೇಕಿತ್ತು. ಎರಡೂ ಕೈಯಿಂದ ಚಕ್ಕೆಯನ್ನು ಎತ್ತಿದೆ. ಬೋಗುಣಿಯ ಹಾಗೆ ಮಗುಚಿಟ್ಟಿದ್ದ ಚಕ್ಕೆ. ನಾವು ಫೋಟೊ ತೆಗೆದದ್ದು ಅದರ ಬೆನ್ನನ್ನು, ತೂಕ ಮಾಡಿದ್ದು, ಹೆಬ್ಬೆರಳಿಗೆ ಹಿಗ್ಗಿದ್ದು ಎಲ್ಲ ಅದರ ಬೆನ್ನನ್ನು ನೋಡಿಯೇ. ಅಲುಗಾಡುತ್ತದೆ ಎಂಬ ಒಂದೇ ಕಾರಣಕ್ಕೆ ಯಾರೂ ಅದನ್ನು ಅಂಗಾತ ಮಲಗಿಸಿರಲಿಲ್ಲ.

ಅಂಗಾತ ಮಾಡಿದೆ.

ಅಕ್ಕ, ಒಂದು ಕಾಲು ಕಾಣಿಸಿತು. ತೆಳ್ಳಗೆ, ಉದ್ದಕ್ಕೆ, ಮಂಡಿಯ ಹತ್ತಿರ ಸ್ವಲ್ಪ ಬಾಗಿದ ಕಾಲು. ಶಾಯಿ ಹಾಗೆ ಸೋರುವುದಿಲ್ಲ. ಕಾಲಿನ ಮೇಲೆ ಕೆಂಪು ಮೈ, ಅದರ ಮೇಲೆ ರೆಕ್ಕೆ. ಪಕ್ಕದ ಚಕ್ಕೆ ತಿರುಗಿಸಿದೆ, ಇನ್ನೊಂದು ಹಕ್ಕಿ. ಅದರ ಪಕ್ಕದ್ದನ್ನು ತಿರುಗಿಸಿದೆ. ಒಂದು ಹಕ್ಕಿ ಕತ್ತು ತಿರುಗಿಸಿ ಹಿಂದೆ ನೋಡುತ್ತಿತ್ತು. ಕಣ್ಣಿನ ಜಾಗ ಖಾಲಿ.

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ಕಾವಲುಗಾರರು ಓಡಿಬಂದು "ಹಲ್ಲಿನಾ ಅಮ್ಮ?" ಎಂದು ಕೇಳಿದರು. ಅವರ ಹಿಂದೆಯೇ ಮೇಡಂ ಬಂದರು. ನಾನು ಬೆರಳು ತೋರಿಸಿದೆ. ಅವರು ತಲೆಯ ಮೇಲಿದ್ದ ಕನ್ನಡಕವನ್ನು ಮೊದಲ ಸಲಕ್ಕೇ ಹುಡುಕಿಕೊಂಡರು. ಬಹಳ ಹೊತ್ತು ಬಗ್ಗಿ ನೋಡಿ, ಕುರ್ಚಿ ಎಳೆದುಕೊಂಡು ಕೂತು, "ಇಷ್ಟು ವರ್ಷ ಮಣ್ಣಿನ ಬೆನ್ನು ತಟ್ಟಿದೀನಲ್ಲೇ ನಾನು" ಎಂದರು. ಜೇಬಿನಲ್ಲಿದ್ದ ಟಿಶ್ಯೂ ತೆಗೆದುಕೊಟ್ಟೆ, ಪೆನ್ನಿನ ಕಥೆಯನ್ನೂ ಹೇಳಿದೆ. ಬೈಯಲಿಲ್ಲ. ಟಿಶ್ಯೂವನ್ನು ಗಾಜಿನ ಡಬ್ಬಿಯಲ್ಲಿಟ್ಟು, "ಪೆನ್ನಿಗೆ ಆಮೇಲೆ ಬೈತೀನಿ, ಜ್ಞಾಪಿಸು" ಎಂದರು.

ಈ ಹೂಜಿಗೆ ಬಣ್ಣ ಹಚ್ಚಿದ್ದು ಆವಿಗೆಯಲ್ಲಿ ಸುಟ್ಟ ಮೇಲಂತೆ. ಸುಡುವ ಮೊದಲು ಹಚ್ಚಿದ ಬಣ್ಣ ಮೈಗೆ ಕಚ್ಚಿಕೊಳ್ಳುತ್ತದೆ, ಸುಟ್ಟ ಮೇಲೆ ಹಚ್ಚಿದ್ದು ಪುಡಿಯ ಹಾಗೆ ಮೇಲೆ ಕೂತಿರುತ್ತದೆ. ಒದ್ದೆ ಮಣ್ಣು ಅದರ ಮೇಲೆ ಕೂತು ಒಣಗಿ ಕುಗ್ಗಿದರೆ ಬಣ್ಣವನ್ನು ಎಳೆದುಕೊಂಡೇ ಕಳಚುತ್ತದೆ. ಆದ್ದರಿಂದ ನಿನ್ನ ಹಕ್ಕಿಗಳು ಹೂಜಿಯನ್ನು ಬಿಟ್ಟು ಮಣ್ಣಿಗೆ ಅಂಟಿಕೊಂಡಿವೆ. ಮಣ್ಣಿನ ಮೇಲೆ ಎಡಕ್ಕೆ ನಡೆಯುತ್ತಿವೆ, ಕನ್ನಡಿಯಲ್ಲಿ ಕಂಡ ಹಾಗೆ. ನೀನು ಬಲಕ್ಕೆ ಬರೆದದ್ದು ಸರಿ ಎನ್ನುವುದಕ್ಕೆ ಅವು ಎಡಕ್ಕೆ ನಡೆಯುತ್ತಿರುವುದೇ ಸಾಕ್ಷಿ.

ಮೇಡಂಗೆ ಒಂದೇ ಒಂದು ಅರ್ಥವಾಗಿಲ್ಲ. ನೆಲದೊಳಗಿನ ಮಣ್ಣು ಗುಂಡಿಯಲ್ಲೇ ಜಾರಿ ಬಿತ್ತೆಂದು ನೀನು ಬರೆದಿದ್ದೀಯ. ಹಾಗಾದರೆ ಈ ಮಣ್ಣು ಎಲ್ಲಿಯದು? ಮೇಡಂ ಹಾಗೆ ಕೇಳಿದ ಮೇಲೆ ಹೆಬ್ಬೆರಳಿನ ಫೋಟೊವನ್ನು ಮತ್ತೆ ತೆಗೆದು ನೋಡಿದೆ. ಬೆರಳಿನ ಗೆರೆಗಳನ್ನು ಅಡ್ಡವಾಗಿ ಸೀಳಿದ ಒಂದು ಹಳೆಯ ಗಾಯದ ಗುರುತಿದೆ. ಬ್ಲೇಡಿನಿಂದ ಪೆನ್ಸಿಲ್ ಚೂಪು ಮಾಡುವಾಗ ಆಗುವಂಥದ್ದು. ಚಿಕ್ಕಂದಿನಲ್ಲಿ ಹಾಗೆ ಆದ ದಿನ ರಕ್ತ ಕಂಡು ಅತ್ತದ್ದು ನಾನು, ನೀನಲ್ಲ.

ಆ ಸಾವಿರಾರು ವರ್ಷದ ಹಳೆಯ ಬೆರಳು ನಿನ್ನದೇನೇ, ಅಕ್ಕ?

ಮುಚ್ಚಳ

*

ಉತ್ಖನನ ಶಿಬಿರ
ಮಾರ್ಚ್ ೬

ನನ್ನ ಮುದ್ದು ಮುಚ್ಚಳ,

ಹೌದು, ನನ್ನದೇ.

ಕೂತುಕೊಂಡೇ ಓದಿದೆ. ಓದಿ ಮುಗಿಸಿ ಎದ್ದು ಹೋಗಿ ನೀರಿನ ತೊಟ್ಟಿಯ ಹಿಂದೆ ನಿಂತು ಅತ್ತೆ. ಆಮೇಲೆ ನಗು ಬಂತು. ಚಾಲಕರು ನೋಡಿ, "ಲಕೋಟೆ ದಪ್ಪ ನೋಡಿದಾಗ್ಲೇ ಅಂದ್ಕೊಂಡೆ" ಎಂದರು.

ಆ ಮಧ್ಯಾಹ್ನ ಚಿತ್ರ ಮುಗಿಯುವಷ್ಟರಲ್ಲಿ ಬಣ್ಣ ಆರಿ ಬೆಳ್ಳಗಾಗತೊಡಗಿತ್ತು. ನಿಯಮದ ಪ್ರಕಾರ ಟಿಶ್ಯೂ ಹಾಕಿ ಹತ್ತಿಯಲ್ಲಿ ಸುತ್ತಬೇಕು. ಹತ್ತಿಯ ಡಬ್ಬಿ ಗೋದಾಮಿನಲ್ಲಿತ್ತು, ಬೀಗದ ಕೈ ಊಟಕ್ಕೆ ಹೋದವರ ಹತ್ತಿರ. ಇಷ್ಟು ಕಾಲ ಇದನ್ನು ಕಾಪಾಡಿದ್ದು ಮಣ್ಣು ತಾನೇ ಎಂದುಕೊಂಡೆ. ಪಕ್ಕದ ಜೇಡಿಯನ್ನೇ ನೀರಲ್ಲಿ ಕಲಸಿ, ಮಗುವಿಗೆ ಎಣ್ಣೆ ಹಚ್ಚುವಷ್ಟು ಮೆತ್ತಗೆ ಹೂಜಿಯ ಹೊಟ್ಟೆಗೆ ಮೆತ್ತಿದೆ. ಜೋಪಾನ ಮಾಡಿದೆ ಎಂದು ನಿನಗೆ ಬರೆದದ್ದು ಇದನ್ನೇ. ಹೂಜಿ ಖಾಲಿ ಎಂದು ಕಾರ್ಡು ಬಂದಾಗ ನನ್ನ ಕೈಯಿಂದಲೇ ಹಕ್ಕಿಗಳು ಸತ್ತವು ಎಂದು ತಿಳಿದೆ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಮೇಡಂ ಅವತ್ತೇ ಮಣ್ಣನ್ನು ತಿರುಗಿಸಿ ನೋಡುತ್ತಿದ್ದರು. ಹೇಳಲಿಲ್ಲ. ಬದಲಿಗೆ ನಿನಗೆ ನಮಸ್ಕಾರ ಹಾಕಿ ಪತ್ರ ಬರೆದೆ. ನಮ್ಮ ಮನೆಯಲ್ಲಿ ಒಂದೇ ಮುಚ್ಚಳ ಇರುವುದೆಂದು ಇಷ್ಟು ದಿನ ತಿಳಿದಿದ್ದೆ.

ನೀನು ಕಾರ್ಡು ಬರೆದದ್ದು ಸರಿ. ಅಕ್ಕನಿಗೋಸ್ಕರ ಒಂದು ಹಕ್ಕಿಯನ್ನಾದರೂ ಅದರಲ್ಲಿ ಸೇರಿಸಿದ್ದರೆ ಈಗ ನಿನ್ನ ಮಾತನ್ನು ಯಾರು ನಂಬುತ್ತಿದ್ದರು?

ನಿರ್ದೇಶಕರಿಗೆ ಎಲ್ಲ ಹೇಳಿದೆ, ಜೇಡಿ ಮೆತ್ತಿದ್ದನ್ನೂ ಸೇರಿಸಿ. ಮುಖ ಊದಿಸಿಕೊಂಡು ಕೇಳಿದರು. "ಮಣ್ಣು ಮೆತ್ತಿದ್ದೂ ನೀನೇ, ಚಿತ್ರ ಬರೆದಿದ್ದೂ ನೀನೇ, ಈಗ ಅದು ಸಿಕ್ಕಿದ್ದು ನಿನ್ನ ತಂಗಿಗೇ. ಇದನ್ನ ನಾನು ಹೊರಗೆ ಹೇಳಿದ್ರೆ ಜನ ಏನಂತಾರಮ್ಮ?" ಎಂದರು. ಅವರು ಕೇಳಿದ್ದು ನ್ಯಾಯವೇ. ಬರುವ ಜೀಪಿನಲ್ಲಿ ಅವರೇ ನಿಮ್ಮಲ್ಲಿಗೆ ಬರುತ್ತಾರೆ. ನಾನು ಬರುವುದಿಲ್ಲ, ಬರಬಾರದು. ನನ್ನ ಚಿತ್ರ ಅವರ ಚೀಲದಲ್ಲಿರುತ್ತದೆ. ಅದನ್ನು ನೀನು ಇನ್ನೂ ನೋಡಿಲ್ಲ ಎನ್ನುವುದನ್ನು ಅವರಿಗೆ ಮೊದಲೇ ಹೇಳು.

ನೀಲಿಯೊಂದನ್ನು ಅವರು ಒಪ್ಪುತ್ತಿಲ್ಲ. ನಾನು ಕಂಡದ್ದು ನೀಲಿಯೇ. ಅದು ಏನೆಂದು ನೀವು ಹೇಳಬೇಕು. ಮೇಡಂ ಇರುತ್ತಾರೆ ಎಂದು ನೀನು ಬಾಗಿಲ ಹಿಂದೆ ನಿಲ್ಲಬೇಡ. ನೋಡಿದವಳು ನೀನು, ನೀನೇ ಮಾತಾಡು.

ಅಕ್ಕ

*

ಸಂರಕ್ಷಣಾ ಕಾರ್ಯಾಗಾರ
ಮಾರ್ಚ್ ೧೩

ಅಕ್ಕ,

ಮಾತಾಡಿದೆ. ಪೂರ್ತಿ ಓದು.

ನಿರ್ದೇಶಕರು ಬಂದವರೇ ಚೀಲದಿಂದ ನಿನ್ನ ಚಿತ್ರದ ಸುರುಳಿ ತೆಗೆದು ಮೇಜಿನ ಮೇಲಿಟ್ಟರು, ಬಿಚ್ಚಲಿಲ್ಲ. ಮೇಡಂ ಹೇಳಲು ಬಾಯಿ ತೆರೆದರು, ನನ್ನ ಕಡೆ ನೋಡಿದರು, ಮುಚ್ಚಿದರು. "ನೋಡಿದೋಳು ಇವಳು, ಇವಳನ್ನೇ ಕೇಳಿ" ಎಂದು ಹಿಂದೆ ಸರಿದುಬಿಟ್ಟರು. ನೀವಿಬ್ಬರೂ ಗುಟ್ಟಾಗಿ ಪತ್ರ ಬರೆದುಕೊಳ್ಳುತ್ತೀರೇನೋ ಎಂದು ನನಗೆ ಅನುಮಾನ.

ಅವರ ಅಂಗಿಯ ಗುಂಡಿ ನೋಡಿಕೊಂಡು ಶುರುಮಾಡಿದೆ.

"ಸರ್, ಈ ಚಿತ್ರ ನಾನು ನೋಡಿಲ್ಲ. ಮೇಡಂ ಕೂಡ ನೋಡಿಲ್ಲ. ನೀವು ನಮಗೆ ತೋರ್ಸೋಕೆ ಮುಂಚೆ ಮಣ್ಣಿನ ಮೇಲೆ ಏನಿದೆ ಅಂತ ನಾನು ಓದ್ತೀನಿ. ನೀವು ಚಿತ್ರ ನೋಡ್ಕೊಂಡು ತಪ್ಪಿದ್ರೆ ನಿಲ್ಲಿಸಿ."

"ನಿಮ್ಮಕ್ಕ ಪತ್ರದಲ್ಲಿ ಬರೆದಿರ್ತಾಳಲ್ಲಮ್ಮ."

"ಬರೆದಿದಾಳೆ ಸರ್. ನೀರಹಕ್ಕಿ, ಕೆಂಪು, ನೀಲಿ, ಒಂದು ಹಿಂದೆ ನೋಡ್ತಿದೆ, ಕಣ್ಣು ಖಾಲಿ. ಇಷ್ಟೇ ಬರೆದಿರೋದು. ಆ ಪತ್ರಗಳು ಇಲ್ಲಿವೆ. ಅದರಲ್ಲಿ ಇಲ್ಲದ್ದನ್ನ ಮಾತ್ರ ನಾನು ಓದ್ತೀನಿ."

ಅವರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದರು. ಸುರುಳಿ ಬಿಚ್ಚಿ ನನಗೆ ಕಾಣದ ಹಾಗೆ ಎತ್ತಿ ಹಿಡಿದುಕೊಂಡರು. ನಾನು ಕಾರ್ಡು ಓದತೊಡಗಿದೆ. ಹೊಸ ಕಾರ್ಡು, ಈ ಸಲ ಸಹಿ ಇದೆ. ಎರಡನೆಯ ಹಕ್ಕಿಯ ಕೊಕ್ಕಿನಲ್ಲಿ ಹುಲ್ಲಿನಂಥ ಗೆರೆ. ಹಿಂದೆ ನೋಡುವ ಹಕ್ಕಿ ಒಂದು ಕಾಲನ್ನು ಎತ್ತಿದೆ, ಇನ್ನೂ ಊರಿಲ್ಲ. ಅದರ ಮುಂದಿನ ಹಕ್ಕಿಯ ಬಾಲದ ಮೇಲೆ ಕುಂಚ ಜಾರಿದ ಹನಿ, ಅದನ್ನು ಒರೆಸದೆ ಪುಟ್ಟ ಕಾಯಿಯ ಹಾಗೆ ತಿದ್ದಿದ್ದಾರೆ. ನಾನು ಓದುತ್ತಿದ್ದ ಹಾಗೆ ಅವರ ಬೆರಳು ಚಿತ್ರದ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿತ್ತು. ಆ ಹನಿಯ ಹತ್ತಿರ ಬಂದು ನಿಂತಿತು.

"ಇದು ನನ್ನ ಚಹಾದ ಕಲೆ ಅಂದ್ಕೊಂಡಿದ್ದೆ" ಎಂದರು. ದನಿ ಸಣ್ಣಗಾಗಿತ್ತು. ಹನಿಯನ್ನೂ ಬಿಡದೆ ಬರೆದಿದ್ದೀಯಲ್ಲ, ಅಕ್ಕ.

ಆಮೇಲೆ ಫೋಟೊ. ಮಣ್ಣಿನ ಒಳಮೈಯ ನೆಗೆಟಿವ್ ಅನ್ನು ಮೇಡಂ ಹಿಂದುಮುಂದು ಮಾಡಿಸಿ ಪ್ರಿಂಟ್ ಹಾಕಿಸಿದ್ದರು. ಎಡಕ್ಕೆ ನಡೆಯುತ್ತಿದ್ದ ಹಕ್ಕಿಗಳು ಬಲಕ್ಕೆ ತಿರುಗಿಕೊಂಡಿದ್ದವು. ಅದನ್ನು ನಿನ್ನ ಚಿತ್ರದ ಪಕ್ಕ ಇಟ್ಟೆವು. ಗೆರೆಗೆ ಗೆರೆ ಕೂಡಿತು. ಮೇಡಂ ಹೂಜಿಯ ಹೊಟ್ಟೆಯ ಒಂದು ಗೀರಿನೊಳಗೆ ಉಳಿದಿದ್ದ, ಭೂತಗನ್ನಡಿಗೂ ಸಿಗದೆ ಈಗ ಮೈಕ್ರೋಸ್ಕೋಪಿನಲ್ಲಿ ಸಿಕ್ಕಿದ ಕೆಂಪು ಕಾಳನ್ನೂ ತೋರಿಸಿದರು. ಮಣ್ಣಿನ ಮೇಲಿರುವುದೂ ಅದೇ ಕೆಮ್ಮಣ್ಣು.

"ಹಕ್ಕಿ ಒಪ್ಪಿದೆ" ಎಂದರು ನಿರ್ದೇಶಕರು. "ನೀಲಿ?"

ಅದಕ್ಕೂ ತಯಾರಾಗಿದ್ದೆ. ದಪ್ಪ ಬಿಳಿ ಕಾಗದದಲ್ಲಿ ರೆಕ್ಕೆಯಷ್ಟೇ ಕಾಣುವ ಹಾಗೆ ಒಂದು ಕಿಂ‌ಡಿ ಕತ್ತರಿಸಿ ಇಟ್ಟುಕೊಂಡಿದ್ದೆ. ಮಣ್ಣಿಗೆ ತಾಕದ ಹಾಗೆ ಹಿಡಿದು, "ನೋಡಿ ಸರ್, ಯಾವ ಬಣ್ಣ?" ಎಂದೆ.

"ಬೂದಿ. ಬರೀ ಬೂದಿ ಬಣ್ಣ."

ಕಾಗದ ತೆಗೆದೆ. ರೆಕ್ಕೆಯ ಸುತ್ತ ಹಕ್ಕಿಯ ಕೆಂಪು ಮೈ ಬಂತು. ಅವರು ತಲೆ ಹಿಂದಕ್ಕೆ ಎಳೆದುಕೊಂಡರು. ಮತ್ತೆ ಕಾಗದ ಇಡಲು ಹೇಳಿದರು, ತೆಗೆಯಲು ಹೇಳಿದರು, ಆಮೇಲೆ ಕಾಗದವನ್ನು ನನ್ನ ಕೈಯಿಂದ ಇಸಿದುಕೊಂಡು ತಾವೇ ಇಟ್ಟು ತೆಗೆದು ಮಾಡತೊಡಗಿದರು. ಮೈಕ್ರೋಸ್ಕೋಪಿನಲ್ಲಿ ರೆಕ್ಕೆಯ ತುಂಬ ಇರುವುದು ಇದ್ದಿಲಿನ ಕಪ್ಪು ಕಾಳು ಮತ್ತು ಸುಣ್ಣದ ಬಿಳಿ ಕಾಳು. ನೀಲಿ ಒಂದು ಕಾಳೂ ಇಲ್ಲ. ಕೆಂಪಿನ ಮಗ್ಗುಲಲ್ಲಿ ಕೂತಾಗ ಆ ಬೂದಿ ನಮ್ಮ ಕಣ್ಣಿಗೆ ನೀಲಿಯಾಗುತ್ತದೆ.

"ನೀವು ಹೇಳಿದ್ದೂ ಸರಿ ಸರ್, ಆ ಕಾಲದಲ್ಲಿ ನೀಲಿ ಇರ್ಲಿಲ್ಲ. ಅಕ್ಕ ಬರೆದಿದ್ದೂ ಸರಿ. ನೀಲಿ ಸಿಗದೋರು ಇದ್ದಿಲು, ಸುಣ್ಣ ಇಟ್ಕೊಂಡು ನೀಲಿ ಮಾಡಿದಾರೆ." ಇದನ್ನು ಹೇಳುವಾಗ ನಾನು ಅಂಗಿಯ ಗುಂಡಿಯನ್ನು ಬಿಟ್ಟು ಅವರ ಮುಖ ನೋಡುತ್ತಿದ್ದೆ ಎಂದು ಆಮೇಲೆ ಮೇಡಂ ಹೇಳಿದರು.

ನಿರ್ದೇಶಕರು ಕಾಗದ ಕೆಳಗಿಟ್ಟು ನಕ್ಕರು. ಅವರು ಅಷ್ಟು ಜೋರಾಗಿ ನಗುತ್ತಾರೆಂದು ನೀನು ಬರೆದಿರಲಿಲ್ಲ. "ಒಬ್ಬಳಿಗೆ ಕೈ ಇದೆ, ಒಬ್ಬಳಿಗೆ ಬಾಯಿ ಇದೆ. ನಿಮ್ಮ ತಾಯಿ ಹೇಗೆ ತಡ್ಕೊಂಡ್ರಮ್ಮ ನಿಮ್ಮನ್ನ?" ಎಂದರು. ನನಗೆ ಬಾಯಿ ಇದೆಯಂತೆ, ಅಕ್ಕ. ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಒಪ್ಪಲಿಲ್ಲ, ಬೇರೆ ಯಾರ ಬಗ್ಗೆಯೋ ಹೇಳಿರಬೇಕು ಎಂದಳು.

ನಿನ್ನ ಚಿತ್ರ ವರದಿಯ ಮೊದಲ ಪುಟಕ್ಕೆ ಹೋಗುತ್ತದೆ. ಮಣ್ಣಿನ ಹಕ್ಕಿಗಳ ಫೋಟೊ ಅದರ ಬಲಗಡೆಯ ಎದುರು ಪುಟದಲ್ಲಿ, ತಿರುಗಿಸದೆ, ಇದ್ದ ಹಾಗೆಯೇ. ಪುಸ್ತಕ ತೆರೆದಿಟ್ಟರೆ ಎರಡು ಸಾಲು ಹಕ್ಕಿಗಳೂ ಎದುರುಬದುರಾಗಿ ನಡೆದುಬರುತ್ತವೆ. ಕೆಳಗಿನ ಸಾಲು ಬರೆಯುವ ಕೆಲಸ ನನ್ನದು. ಹೀಗೆ ಬರೆದಿದ್ದೇನೆ: "ಕಣ್ಣಿಗೆ ನೀಲಿ. ಮೈಕ್ರೋಸ್ಕೋಪಿಗೆ ಇದ್ದಿಲು ಮತ್ತು ಸುಣ್ಣ." ಮೇಡಂ ಓದಿ, ನಂಬರ್ ಎಲ್ಲಿ ಎಂದು ಕೇಳಲಿಲ್ಲ.

ಪೆನ್ನಿಗೆ ಬೈಯುವುದನ್ನು ಮಾತ್ರ ನಾನೇ ಜ್ಞಾಪಿಸಿದೆ. ಚೆನ್ನಾಗಿಯೇ ಬೈದರು.

ನಿನ್ನ ಮುಚ್ಚಳ

*

ಉತ್ಖನನ ಶಿಬಿರ
ಮಾರ್ಚ್ ೨೭

ಮುಚ್ಚಳ ಎಂದು ಇನ್ನು ಕರೆಯುವ ಹಾಗಿಲ್ಲವಲ್ಲ, ಏನೆಂದು ಕರೆಯಲಿ? ಯೋಚಿಸಿ ಹೇಳು. ಅಲ್ಲಿಯ ತನಕ ಹಳೆಯದೇ ಇರಲಿ.

ನಿರ್ದೇಶಕರು ಮರಳಿ ಬಂದ ದಿನ ಊಟದ ಮೇಜಿನಲ್ಲಿ, ಕಾರ್ಡು ಓದಿದ ಅದೇ ಜಾಗದಲ್ಲಿ ನಿಂತು, ಕಿಂಡಿ ಕೊರೆದ ಕಾಗದವನ್ನು ಎಲ್ಲರಿಗೂ ತೋರಿಸಿದರು. ಅವತ್ತು ನಕ್ಕವರೆಲ್ಲ ಸಾಲಾಗಿ ಬಂದು, ನಾನು ಕೆಮ್ಮಣ್ಣು, ಇದ್ದಿಲು, ಸುಣ್ಣದಲ್ಲಿ ಹೊಸದಾಗಿ ಬರೆದ ಹಕ್ಕಿಯ ಮೇಲೆ ಅದನ್ನು ಇಟ್ಟು ತೆಗೆದು ನೋಡಿದರು. ಈಗ ಗುಂಡಿಯಲ್ಲಿ ಯಾರಿಗೆ ಯಾವ ಬೋಕಿ ಸಿಕ್ಕಿದರೂ ಮೊದಲು ಮಣ್ಣನ್ನು ತಿರುಗಿಸಿ ನೋಡುತ್ತಾರೆ. ಮುಂದಿನ ವರ್ಷಕ್ಕೆ ಬೇರೆ ಚಿತ್ರಕಾರರನ್ನು ನೋಡುವ ಮಾತನ್ನು ನಿರ್ದೇಶಕರು ಮರೆತಿದ್ದಾರೆ. ನಾನೇ ನೆನಪಿಸಿದೆ. "ಯಾರು ಹಾಗಂದೋರು?" ಎಂದು ಕೇಳಿದರು.

ಈ ಪೆಟ್ಟಿಗೆಯಲ್ಲಿ ಇನ್ನೊಂದು ಹೂಜಿ ಇದೆ. ಅದೇ ಗುಂಡಿ, ಅದೇ ಮೂಲೆ. ಈ ಸಲ ನಾನು ಒಬ್ಬಳೇ ಇರಲಿಲ್ಲ, ಕ್ಯಾಮೆರಾವೂ ಇತ್ತು. ಮಣ್ಣಿನ ಸಮೇತ ಕಡಿದು ತೆಗೆದು, ನಿಯಮದ ಪ್ರಕಾರ ಹತ್ತಿಯಲ್ಲಿ ಸುತ್ತಿದ್ದೇವೆ. ಒಂದು ಕಡೆ ಮಾತ್ರ ಮಣ್ಣು ಸ್ವಲ್ಪ ಬಿರುಕು ಬಿಟ್ಟಿತ್ತು. ಅಲ್ಲಿ ಕಂಡಷ್ಟನ್ನು ಚಿತ್ರ ಬರೆದಿದ್ದೇನೆ.

ಆ ಚಿತ್ರವನ್ನು ಕಳಿಸುತ್ತಿಲ್ಲ. ಅದರಲ್ಲಿ ಏನಿದೆ ಎಂದೂ ಹೇಳುವುದಿಲ್ಲ. ಫೋಟೊ ತೆಗೆದವರಿಗೂ ನಿರ್ದೇಶಕರಿಗೂ ಬಾಯಿ ಬಿಡಬಾರದೆಂದು ಹೇಳಿದ್ದೇನೆ. ಮೊದಲು ನೀನು ನೋಡು, ನೋಡಿದ್ದನ್ನು ಬರೆ. ಹೊಲದ ಹಾಗಿದ್ದರೆ ಹೊಲದ ಹಾಗೆ ಎಂದೇ ಬರೆ.

ಅಕ್ಕ

*

ಸಂರಕ್ಷಣಾ ಕಾರ್ಯಾಗಾರ
ಏಪ್ರಿಲ್ ೩

ಅಕ್ಕ,

ಪೆಟ್ಟಿಗೆ ತೆರೆದೆವು. ಈ ಸಲ ಸರದಿ ಕಾಯಲಿಲ್ಲ. ಮಣ್ಣಿನ ತೇವ ಆರದ ಹಾಗೆ ನೋಡಿಕೊಂಡು, ಬಿರುಕಿನ ಹತ್ತಿರದ ಮಣ್ಣನ್ನು ಮೇಡಂ ಬಿದಿರಿನ ಕಡ್ಡಿಯಿಂದ ಚೂರುಚೂರೇ ಬಿಡಿಸಿದರು. ನಾನು ಪಕ್ಕದಲ್ಲಿ ಕೂತು ಪೆನ್ಸಿಲ್ ಹಿಡಿದು ಬರೆದೆ. ಬರೆದದ್ದನ್ನು ಇದ್ದ ಹಾಗೆಯೇ ಇಲ್ಲಿ ಇಳಿಸುತ್ತೇನೆ:

"ಬಣ್ಣ ಹೂಜಿಯ ಮೈ ಮೇಲೆಯೇ ಇದೆ, ಮಣ್ಣಿಗೆ ಅಂಟಿಲ್ಲ. ಕೆಂಪು ನೆಲ, ಅದರ ಮೇಲೆ ಬೂದಿ ಗೆರೆಗಳು, ಕಣ್ಣಿಗೆ ನೀಲಿ. ಗೆರೆಗಳು ಅಲೆಯಂತೆ, ಒಂದರ ಕೆಳಗೆ ಒಂದು. ನೀರು. ನೀರಿನ ಅಂಚಿನಲ್ಲಿ ಉದ್ದ ಕಾಲಿನ ಒಂದೇ ಹಕ್ಕಿ, ಬಲಕ್ಕೆ ಮುಖ ಮಾಡಿ ನಿಂತಿದೆ. ನಡೆಯುತ್ತಿಲ್ಲ. ಯಾರದೋ ದಾರಿ ಕಾಯುತ್ತಿರುವಂತೆ ಕತ್ತು ಚಾಚಿದೆ. ಕಣ್ಣಿನ ಜಾಗ ಖಾಲಿ."

ಮೊದಲ ಹೂಜಿಯ ಹಕ್ಕಿ ಯಾರನ್ನು ತಿರುಗಿ ನೋಡುತ್ತಿತ್ತೋ ಅದು ಸಿಕ್ಕಿತು ಎಂದು ನನಗೆ ಅನಿಸಿತು. ಅನಿಸಿದ್ದನ್ನು ಕಾರ್ಡಿನಲ್ಲಿ ಬರೆಯಲಿಲ್ಲ, ನಿನಗೆ ಮಾತ್ರ ಬರೆಯುತ್ತಿದ್ದೇನೆ.

ಈಗ ನಿನ್ನ ಚಿತ್ರ ಕಳಿಸು.

ನಿನ್ನ ಮುಚ್ಚಳ